ಪಿಕಪ್‌ನ ಸ್ಟಿಯರಿಂಗ್ ಪಂಪ್: ಎಣ್ಣೆ ನೋಡಿಕೊಂಡರೆ ಪಂಪ್ ಬಾಳುತ್ತದೆ

ಅಡಿಕೆ ಗೋಣಿ, ಬಾಳೆಗೊನೆ, ಹಿಂಡಿ, ಸುಣ್ಣ, ಕುರಿಗೊಬ್ಬರ. ಏನು ಸಾಗಿಸುವುದಿದ್ದರೂ ಈಗ ನಮ್ಮ ಕಡೆ ಪಿಕಪ್ಪೇ ಗತಿ. ಹಿಂದೆ ಬಾಡಿಗೆ ಜೀಪಿಗೆ ಕಾಯುತ್ತಿದ್ದ ಎಷ್ಟೋ ಸಣ್ಣ ಕೃಷಿಕರು ಇಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದಾರೆ. ನಾನೂ ಅವರಲ್ಲೊಬ್ಬ. ಎಂಜಿನ್ ಆಯಿಲ್ ನೋಡುವುದು, ಡೀಸೆಲ್ ಫಿಲ್ಟರಿನ ನೀರು ತೆಗೆಯುವುದು, ಏರ್ ಫಿಲ್ಟರಿನ ಧೂಳು ಕೊಡವುವುದು ಇವೆಲ್ಲ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೆ ಪವರ್ ಸ್ಟಿಯರಿಂಗ್‌ಗೂ ಒಂದು ಪಂಪ್ ಇದೆ, ಅದಕ್ಕೂ ಎಣ್ಣೆ ಬೇಕು ಎನ್ನುವುದು ನೆನಪಾಗುವುದು ಅದು ಕೂಗಲು ಶುರು ಮಾಡಿದ ಮೇಲೆ. ಆಗ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: “ಪಂಪ್ ಹೋಗಿದೆ, ಹೊಸದು ಹಾಕ್ಬೇಕು.”

ಪಂಪ್ ಹೋಗುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅದು ತಾನಾಗಿ ಹೋಗುವುದಕ್ಕಿಂತ ನಾವು ಕಳಿಸುವುದೇ ಹೆಚ್ಚು. ಎಣ್ಣೆ ಕಡಿಮೆಯಾಗಿ ಹೋಗುತ್ತದೆ, ಎಣ್ಣೆಯೊಳಗೆ ಗಾಳಿ ಸೇರಿ ಹೋಗುತ್ತದೆ, ಎಣ್ಣೆ ಕೊಳೆಯಾಗಿ ಹೋಗುತ್ತದೆ. ಈ ಮೂರೂ ಕಣ್ಣಿಗೆ ಕಾಣುವಂಥವು. ಪಂಪ್ ಬಿಚ್ಚಲು ಬಾರದವರೂ ಈ ಮೂರನ್ನು ತಡೆಯಬಹುದು. ಈ ಲೇಖನ ಅಷ್ಟಕ್ಕೇ.

ಒಂದು ಸೂಚನೆ. ಇಲ್ಲಿ ಹೇಳುವುದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ಟಿಯರಿಂಗ್ ಬಗ್ಗೆ ಮಾತ್ರ. ಕೆಲವು ಗಾಡಿಗಳಲ್ಲಿ ಎಲೆಕ್ಟ್ರಿಕ್ ಮೋಟರಿನ ಸ್ಟಿಯರಿಂಗ್ ಇರುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಎಣ್ಣೆಯೂ ಇಲ್ಲ, ಎಣ್ಣೆ ಡಬ್ಬಿಯೂ ಇಲ್ಲ. ಬಾನೆಟ್ ತೆರೆದಾಗ ಸ್ಟಿಯರಿಂಗ್ ಚಿತ್ರ ಇರುವ ಮುಚ್ಚಳದ ಸಣ್ಣ ಡಬ್ಬಿ ಕಂಡರೆ ನಿಮ್ಮದು ಎಣ್ಣೆಯದು.

ತೋಟದ ಪಂಪಿನ ದಾಯಾದಿ

ಕೆಲಸದ ಕ್ರಮ ಸರಳ. ಡಬ್ಬಿಯಿಂದ ಎಣ್ಣೆ ದಪ್ಪ ರಬ್ಬರ್ ಪೈಪಿನಲ್ಲಿ ಪಂಪಿಗೆ ಬರುತ್ತದೆ. ಇದು ಸಕ್ಷನ್. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಪಂಪ್ ಎಣ್ಣೆಯನ್ನು ಒತ್ತಿ ಹೈ ಪ್ರೆಶರ್ ಹೋಸ್ ಮೂಲಕ ಸ್ಟಿಯರಿಂಗ್ ಬಾಕ್ಸಿಗೆ ಕಳಿಸುತ್ತದೆ. ನಾವು ಚಕ್ರ ತಿರುಗಿಸಿದ ಕಡೆಗೆ ಎಣ್ಣೆ ತಳ್ಳುತ್ತದೆ. ತಳ್ಳಿ ಮುಗಿದ ಎಣ್ಣೆ ರಿಟರ್ನ್ ಪೈಪಿನಲ್ಲಿ ಡಬ್ಬಿಗೆ ವಾಪಸು. ಎಂಜಿನ್ ಓಡುವಷ್ಟು ಹೊತ್ತೂ ಈ ಸುತ್ತಾಟ ನಡೆದೇ ಇರುತ್ತದೆ.

ಪಂಪಿನ ಒಳಗೆ ಒಂದು ರೋಟರ್, ಅದರ ಸೀಳುಗಳಲ್ಲಿ ಒಳಹೊರಗೆ ಜಾರುವ ತೆಳ್ಳಗಿನ ಉಕ್ಕಿನ ಪಟ್ಟಿಗಳು. ಪಟ್ಟಿಗಳು ಸುತ್ತಲಿನ ಬಳೆಗೆ ಒರಸಿಕೊಂಡೇ ತಿರುಗುತ್ತವೆ. ಉಕ್ಕಿಗೂ ಉಕ್ಕಿಗೂ ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ಅಂದರೆ ಈ ಪಂಪಿಗೆ ಎಣ್ಣೆಯೇ ಸರಕು, ಎಣ್ಣೆಯೇ ಕೀಲೆಣ್ಣೆ, ಬಿಸಿ ಹೊತ್ತೊಯ್ಯುವುದೂ ಅದೇ ಎಣ್ಣೆ. ಎಣ್ಣೆ ತಪ್ಪಿದರೆ ಮೂರೂ ಒಟ್ಟಿಗೆ ತಪ್ಪಿದಂತೆ.

ಒತ್ತಡ ಎಷ್ಟು ಎಂದು ತಿಳಿದಿರಲಿ. ತೋಟಕ್ಕೆ ಬೋರ್ಡೊ ಸಿಂಪಡಿಸುವ ಎಚ್‌ಟಿಪಿ ಸ್ಪ್ರೇಯರನ್ನು ನಾವು ಸಾಮಾನ್ಯವಾಗಿ 300-400 ಪಿಎಸ್‌ಐಯಲ್ಲಿ ಓಡಿಸುತ್ತೇವೆ. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಈ ಪುಟ್ಟ ಪಂಪಿನಲ್ಲಿ 1000 ಪಿಎಸ್‌ಐಯೂ ಮೀರುತ್ತದೆ. ಸಸಾರ ಮಾಡುವ ವಸ್ತುವಲ್ಲ.

ಮೊದಲೇ ಪಂಪಿನ ಮೇಲೆ ಗುಮಾನಿ ಬೇಡ

ಸ್ಟಿಯರಿಂಗ್ ಭಾರವಾದ ಕೂಡಲೇ ಪಂಪನ್ನು ದೂರಬೇಡಿ. ಮೊದಲು ಮುಂದಿನ ಎರಡೂ ಟಯರಿನ ಗಾಳಿ ನೋಡಿ. ಗಾಳಿ ಇಳಿದ ಟಯರು ಎಂಥ ಒಳ್ಳೆ ಸ್ಟಿಯರಿಂಗನ್ನೂ ಭಾರ ಮಾಡುತ್ತದೆ. ಆಮೇಲೆ ಮುಂಗಾಲಿಯ ಕೀಲುಗಳು. ಗ್ರೀಸ್ ನಿಪ್ಪಲ್ ಇರುವ ಗಾಡಿಯಾದರೆ ಗ್ರೀಸ್ ಹೊಡೆದು ಎಷ್ಟು ಸಮಯವಾಯಿತು ನೆನಪು ಮಾಡಿಕೊಳ್ಳಿ. ಮಳೆಗಾಲದಲ್ಲಿ ಕೆಸರು ನೀರಿನಲ್ಲಿ ಓಡಿದ ಗಾಡಿಗೆ ಇದು ಮುಖ್ಯ.

ಇನ್ನೊಂದು ಪರೀಕ್ಷೆಯನ್ನು ನಾನು ತಪ್ಪದೆ ಮಾಡುತ್ತೇನೆ. ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ನೋಡುವುದು. ಎರಡೂ ಕಡೆ ಒಂದೇ ಸಮ ಭಾರವಿದ್ದರೆ ಎಣ್ಣೆ, ಬೆಲ್ಟು ಅಥವಾ ಪಂಪಿನ ಕಡೆ ನೋಡಬೇಕು. ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರವಾದರೆ ದೋಷ ಹೆಚ್ಚಾಗಿ ಸ್ಟಿಯರಿಂಗ್ ಬಾಕ್ಸಿನದ್ದು ಅಥವಾ ಮುಂಗಾಲಿಯದ್ದು. ಪಂಪಿಗೆ ಎಡ-ಬಲ ಗೊತ್ತಿಲ್ಲ ನೋಡಿ. ಅದು ಒತ್ತಡ ಕೊಡುತ್ತದೆ ಅಷ್ಟೇ. ಎತ್ತ ಕಡೆ ಎಂದು ತೀರ್ಮಾನಿಸುವುದು ಬಾಕ್ಸಿನೊಳಗಿನ ವಾಲ್ವ್. ಒಂದೇ ಕಡೆ ಭಾರವೆಂದು ಹೋದವರಿಗೆ ಹೊಸ ಪಂಪ್ ಹಾಕಿಕೊಟ್ಟರೆ ದುಡ್ಡೂ ಹೋಯಿತು, ರೋಗವೂ ಉಳಿಯಿತು.

ಸ್ವರದಲ್ಲೇ ಅರ್ಧ ಗೊತ್ತಾಗುತ್ತದೆ

ಕೀಂ ಎಂದು ಚುರುಕಾಗಿ ಕಿರುಚುವ ಸದ್ದು, ಅದೂ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅಥವಾ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ ಅದು ಬೆಲ್ಟು ಜಾರುವ ಸದ್ದು. ತಿರುಗಿಸುವಾಗ ಗುಂಯ್ ಎಂದು ನರಳಿದಂತಾಗಿ, ಎಂಜಿನ್ ವೇಗ ಏರಿದಂತೆ ಸದ್ದೂ ಏರಿದರೆ ಎಣ್ಣೆ ಕಡಿಮೆಯಾಗಿದೆ ಅಥವಾ ಗಾಳಿ ಸೇರಿದೆ. ತಿರುಗಿಸಲಿ ಬಿಡಲಿ, ಎಂಜಿನ್ ಓಡುವಾಗೆಲ್ಲ ಗೊರಗೊರ ಸದ್ದು ಬರುತ್ತಿದ್ದರೆ ಬೇರಿಂಗು ಅಥವಾ ಪಂಪಿನ ಒಳಭಾಗ ಸವೆದಿರಬಹುದು.

ಮೊದಲ ಎರಡು ನಮ್ಮ ಕೈಯಲ್ಲಿರುವ ಕೆಲಸ. ಮೂರನೆಯದಕ್ಕೆ ಮೆಕ್ಯಾನಿಕ್ ಬೇಕು. ಆದರೆ ಮೊದಲ ಎರಡನ್ನು ತಿಂಗಳುಗಟ್ಟಲೆ ಕೇಳಿಯೂ ಕೇಳದಂತೆ ಇದ್ದರೆ ಮೂರನೆಯದು ತಾನಾಗಿ ಬರುತ್ತದೆ.

ಎಣ್ಣೆ ನೋಡುವ ಕ್ರಮ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂಗಾಲಿ ನೇರವಿರಲಿ. ಎಂಜಿನ್ ಬಂದ್. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಹಳೆ ಬೈರಾಸಿನಲ್ಲಿ ಚೆನ್ನಾಗಿ ಒರಸಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಅದು ಹೋಗುವುದು ಆ ಉಕ್ಕಿನ ಪಟ್ಟಿಗಳ ನಡುವೆಯೇ. ಡಬ್ಬಿಯಲ್ಲಿ ಅಥವಾ ಮುಚ್ಚಳದ ಕಡ್ಡಿಯಲ್ಲಿ ಮಿನ್, ಮ್ಯಾಕ್ಸ್ ಗೆರೆ ಇರುತ್ತದೆ. ಕೆಲವದರಲ್ಲಿ ತಣ್ಣಗಿರುವಾಗ ಒಂದು ಗೆರೆ, ಬಿಸಿಯಾದಾಗ ಇನ್ನೊಂದು. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಹಾಗಾಗಿ ಗೆರೆ ಮೀರಿ ತುಂಬಿಸಬಾರದು.

ಎಣ್ಣೆಯ ಮಟ್ಟ ನೋಡಿದರೆ ಸಾಲದು, ಬಣ್ಣವನ್ನೂ ನೋಡಬೇಕು. ಬಿಳಿ ಬಟ್ಟೆಗೆ ಎರಡು ಹನಿ ಹಾಕಿ. ಸ್ವಚ್ಛ ಎಣ್ಣೆ ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆಯ ಆಯುಷ್ಯ ಮುಗಿದಿದೆ. ಬಿಸಿಲಿಗೆ ಹಿಡಿದಾಗ ಮಿನುಗುವ ಸಣ್ಣ ಚೂರುಗಳು ಕಂಡರೆ ಒಳಗೆ ಲೋಹ ಸವೆಯುತ್ತಿದೆ. ಹಾಲು ಬೆರೆಸಿದಂತೆ ಕಂಡರೆ ಗಾಳಿ ಅಥವಾ ನೀರು. ಎಂಜಿನ್ ಬಂದ್ ಮಾಡಿ ಕೆಲವು ಗಂಟೆ ಬಿಟ್ಟಾಗ ತಿಳಿಯಾದರೆ ಅದು ಗಾಳಿ, ಆಗಲೂ ಹಾಲಿನಂತೆಯೇ ಉಳಿದರೆ ನೀರು. ಮುಚ್ಚಳ ಸಡಿಲವಿದ್ದು, ಪ್ರೆಶರ್ ಪಂಪಿನಲ್ಲಿ ಬಾನೆಟ್ ಒಳಗೆ ನೀರು ಹೊಡೆದು ತೊಳೆಯುವ ಗಾಡಿಗಳಲ್ಲಿ ಹೀಗಾಗುವುದುಂಟು.

ಯಾವ ಎಣ್ಣೆ ಎನ್ನುವುದನ್ನು ಗಾಡಿಯ ಕೈಪಿಡಿ ಅಥವಾ ಡಬ್ಬಿಯ ಮುಚ್ಚಳ ಹೇಳುತ್ತದೆ. ಅನೇಕ ಗಾಡಿಗಳಿಗೆ ಎಟಿಎಫ್ ಎಂಬ ಕೆಂಪು ಎಣ್ಣೆ, ಕೆಲವಕ್ಕೆ ಬೇರೆಯದು. ಬಣ್ಣ ನೋಡಿ ತೀರ್ಮಾನಿಸಬೇಡಿ, ಹೆಸರು ಓದಿಯೇ ತನ್ನಿ. ಮನೆಯಲ್ಲಿದೆ ಅಂತ ಬ್ರೇಕ್ ಆಯಿಲ್ ಮಾತ್ರ ಹಾಕಲೇಬೇಡಿ. ಅದು ಬೇರೆ ಜಾತಿ. ಸ್ಟಿಯರಿಂಗಿನ ರಬ್ಬರ್ ಸೀಲುಗಳನ್ನು ಊದಿಸಿ ಕೆಡಿಸುತ್ತದೆ.

ಮತ್ತೊಂದು ಮಾತು. ಈ ಎಣ್ಣೆ ಡೀಸೆಲ್ಲಿನ ಹಾಗೆ ಉರಿದು ಮುಗಿಯುವುದಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ. ತುಂಬಿಸಿ ಸುಮ್ಮನಾದರೆ ಕೆಲಸ ಮುಗಿಯಲಿಲ್ಲ, ಸೋರುವ ಜಾಗ ಹುಡುಕಬೇಕು.

ಗಾಳಿ ಎಳೆಯುವ ಜಾಗ

ಕೆರೆಯ ಪಂಪು ನೀರು ಎತ್ತದಿದ್ದಾಗ ನಾವೇನು ಮಾಡುತ್ತೇವೆ? ಪಂಪ್ ಬಿಚ್ಚುವುದಿಲ್ಲ. ಮೊದಲು ಫುಟ್‌ವಾಲ್ವ್, ಆಮೇಲೆ ಸಕ್ಷನ್ ಪೈಪಿನ ಜಾಯಿಂಟು ನೋಡುತ್ತೇವೆ. ಕೂದಲೆಳೆಯ ಸಂದಿಯಿದ್ದರೂ ಅಲ್ಲಿಂದ ನೀರು ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಸ್ಟಿಯರಿಂಗ್ ಪಂಪಿನ ಕತೆಯೂ ಹಾಗೆಯೇ. ಸಕ್ಷನ್ ಕಡೆಯ ಸಡಿಲ ಓಡುವಾಗ ತೊಟ್ಟಿಕ್ಕಲಾರದು. ಗಾಡಿ ನಿಂತ ಮೇಲೆ ಸ್ವಲ್ಪ ಜಿನುಗಿ ಧೂಳು ಹಿಡಿದು ಅಂಟಂಟಾಗಿರುತ್ತದೆ. ಅಷ್ಟೇ ಗುರುತು.

ಗಾಳಿ ಇದೆಯೇ ಎಂದು ತಿಳಿಯಲು ಸುಲಭ ಉಪಾಯ ಇದೆ. ಎಂಜಿನ್ ಓಡುತ್ತಿರುವಾಗ ಡಬ್ಬಿಯಲ್ಲಿ ಎಣ್ಣೆ ಎಲ್ಲಿದೆ ನೋಡಿ, ಬಂದ್ ಮಾಡಿ ಮತ್ತೆ ನೋಡಿ. ಬಂದ್ ಮಾಡಿದ ಕೂಡಲೇ ಎಣ್ಣೆ ಎದ್ದು ಕಾಣುವಷ್ಟು ಮೇಲೆ ಬಂತೆಂದರೆ ಒಳಗೆ ಗಾಳಿ ಉಂಟು. ಒತ್ತಡದಲ್ಲಿ ಕುಗ್ಗಿದ್ದ ಗಾಳಿ ಹಿಗ್ಗಿ ಎಣ್ಣೆಯನ್ನು ಮೇಲೆ ತಳ್ಳುತ್ತದೆ.

ನಮ್ಮ ನೆರೆಯ ಕೃಷಿಕರೊಬ್ಬರ ಪಿಕಪ್ಪಿನಲ್ಲಿ ಹೀಗೇ ಆಗಿತ್ತು. ಗುಂಯ್ ಸದ್ದು, ಡಬ್ಬಿ ತುಂಬ ನೊರೆ. ಪೇಟೆಯಲ್ಲಿ ಹೊಸ ಪಂಪ್ ಹಾಕಲು ಹೇಳಿದ್ದರು. ಅಡಿಕೆ ಮಾರಿದ ಮೇಲೆ ಮಾಡಿಸುವುದೆಂದು ಅವರು ಹಾಗೆಯೇ ಓಡಿಸುತ್ತಿದ್ದರು. ನಾವಿಬ್ಬರೂ ಕೂತು ಸಕ್ಷನ್ ಪೈಪನ್ನು ಬಟ್ಟೆಯಲ್ಲಿ ಒರಸಿ ನೋಡಿದೆವು. ಡಬ್ಬಿಯ ಬುಡದಲ್ಲಿ ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು, ಮೇಲಿನ ಕ್ಲಿಪ್ಪು ತುಕ್ಕು ಹಿಡಿದು ಸಡಿಲ. ಎಣ್ಣೆ ತಡೆಯುವ ಹೊಸ ಹೋಸ್ ತುಂಡು, ಎರಡು ಕ್ಲಿಪ್ಪು, ತುಂಬಿಸಲು ಎಣ್ಣೆ ಇಷ್ಟರಲ್ಲಿ ಸದ್ದು ನಿಂತಿತು. ಹಳೆ ಪಂಪೇ ಈಗಲೂ ಇದೆ. ಆದರೆ ಎಲ್ಲರಿಗೂ ಹೀಗೆ ಉಳಿಯುತ್ತದೆಂದು ಹೇಳಲಾಗದು. ನೊರೆಯಲ್ಲಿ ಓಡಿದಷ್ಟು ದಿನವೂ ಉಕ್ಕು ಸವೆಯುತ್ತಲೇ ಇರುತ್ತದೆ.

ಹೋಸ್ ಕೊಳ್ಳುವಾಗ ನೀರಿನ ಪೈಪು, ಗಾರ್ಡನ್ ಪೈಪು ಬೇಡ. ಬಿಸಿ ಎಣ್ಣೆಗೆ ಅದು ಮೆತ್ತಗಾಗುತ್ತದೆ. ಎಣ್ಣೆಗೆಂದೇ ಮಾಡಿದ ಹೋಸ್ ಕೇಳಿ ತನ್ನಿ. ಕೊಟ್ಟಿಗೆ, ಶೆಡ್ಡುಗಳಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಚ್ಚಿದ ಗುರುತನ್ನೂ ನೋಡಿಕೊಳ್ಳಬೇಕು.

ಬೆಲ್ಟು

ಬೆಲ್ಟು ಮುಟ್ಟುವಾಗ ಎಂಜಿನ್ ಬಂದ್, ಕೀಲಿ ನಿಮ್ಮ ಕಿಸೆಯಲ್ಲಿ. ಒಳಮೈಯಲ್ಲಿ ಬಿರುಕು, ಅಂಚಿನಲ್ಲಿ ನೂಲು ಕಿತ್ತದ್ದು, ಕನ್ನಡಿಯಂತೆ ಹೊಳಪು ಇದ್ದರೆ ಬದಲಾಯಿಸಿ. ಹಳೆ ಮಾದರಿಯ ವಿ ಬೆಲ್ಟಾದರೆ ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿದಾಗ ಸುಮಾರು 10 ಮಿಲಿಮೀಟರು ತಗ್ಗಬೇಕು. ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಹೆಚ್ಚು ತಗ್ಗಿದರೆ ಜಾರುತ್ತದೆ. ತಗ್ಗದಷ್ಟು ಬಿಗಿದರೆ ಪಂಪಿನ ಬೇರಿಂಗು ಬೇಗ ಹೋಗುತ್ತದೆ. ಅಗಲವಾದ ಗೀರು ಬೆಲ್ಟಿಗೆ ಹೆಚ್ಚಿನ ಗಾಡಿಗಳಲ್ಲಿ ತಾನೇ ಬಿಗಿಯುವ ಟೆನ್ಷನರ್ ಇರುತ್ತದೆ, ಅಲ್ಲಿ ನಾವು ಬಿಗಿಯುವುದೇನಿಲ್ಲ.

ಕಿರುಚುತ್ತದೆಂದು ಬೆಲ್ಟಿಗೆ ಸೋಪು, ಗ್ರೀಸು, ಎಣ್ಣೆ ಹಚ್ಚಬೇಡಿ. ಎರಡು ದಿನ ಸದ್ದು ಅಡಗುತ್ತದೆ, ಆಮೇಲೆ ಬೆಲ್ಟು ಇನ್ನೂ ಜಾರುತ್ತದೆ.

ಸಿರಿಂಜಿನಲ್ಲಿ ಎಣ್ಣೆ ಬದಲಾವಣೆ

ಪೈಪು ಬಿಚ್ಚದೆ, ಗಾಡಿಯ ಅಡಿಗೆ ಮಲಗದೆ ಎಣ್ಣೆ ಬದಲಾಯಿಸುವ ಕ್ರಮ ಇದು. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿನಂಥದ್ದೇ ಒಂದು ಹೊಸದು, ಅದರ ಮೂತಿಗೆ ಸಿಕ್ಕಿಸಲು ಒಂದು ಗೇಣು ತೆಳು ಪ್ಲಾಸ್ಟಿಕ್ ಪೈಪು, ಹಳೆ ಎಣ್ಣೆಗೆ ಒಂದು ಬಾಟಲಿ. ಈ ಸಿರಿಂಜನ್ನು ಮತ್ತೆ ದನಕ್ಕೆ ಬಳಸಬಾರದು.

1. ಎಂಜಿನ್ ಬಂದ್ ಮಾಡಿ, ಡಬ್ಬಿಯ ಸುತ್ತ ಒರಸಿ, ಮುಚ್ಚಳ ತೆಗೆಯಿರಿ.
2. ಡಬ್ಬಿಯಲ್ಲಿರುವ ಎಣ್ಣೆಯನ್ನು ಸಿರಿಂಜಿನಲ್ಲಿ ಎಳೆದು ಬಾಟಲಿಗೆ ಹಾಕಿ.
3. ಗೆರೆಯವರೆಗೆ ಹೊಸ ಎಣ್ಣೆ ತುಂಬಿಸಿ. ಖಾಲಿ ಡಬ್ಬಿಯಲ್ಲಿ ಒಂದು ಕ್ಷಣವೂ ಎಂಜಿನ್ ಓಡಿಸಬೇಡಿ.
4. ಸ್ಟಾರ್ಟ್ ಮಾಡಿ ಸ್ಟಿಯರಿಂಗನ್ನು ಎಡಬಲಕ್ಕೆ ನಿಧಾನವಾಗಿ ನಾಲ್ಕೈದು ಸಲ ತಿರುಗಿಸಿ.
5. ಎರಡು ಮೂರು ದಿನ ಓಡಿಸಿ, ಮತ್ತೆ ಇದೇ ಕ್ರಮ.

ಎಷ್ಟು ಸಲ ಮಾಡಬೇಕು? ಲೆಕ್ಕ ಹಾಕಿ. ಒಟ್ಟು ಎಣ್ಣೆಯ ಮೂರನೇ ಒಂದು ಪಾಲು ಡಬ್ಬಿಯಲ್ಲಿ ಇದೆ ಎಂದುಕೊಳ್ಳಿ. ಒಂದು ಸಲ ಬದಲಾಯಿಸಿದರೆ ನೂರರಲ್ಲಿ 67 ಪಾಲು ಹಳೆಯದೇ ಉಳಿಯಿತು. ಎರಡನೇ ಸಲಕ್ಕೆ 44, ಮೂರಕ್ಕೆ 30, ನಾಲ್ಕಕ್ಕೆ 20. ನಾಲ್ಕು ಸಲ ಮಾಡಿದರೆ ಐದರಲ್ಲಿ ನಾಲ್ಕು ಪಾಲು ಹೊಸದಾಯಿತು. ಒಂದೇ ಸಲ ಮಾಡಿ ಎಣ್ಣೆ ಬದಲಾಯಿತು ಎಂದುಕೊಂಡರೆ ಆಗಿಲ್ಲ.

ಡಬ್ಬಿಯ ತಳದಲ್ಲಿ ಜಾಲರಿ ಇದ್ದು ಅದರಲ್ಲಿ ಕೆಸರು ಕಟ್ಟಿದ್ದರೆ ಪಂಪಿಗೆ ಎಣ್ಣೆ ಸಾಲುವುದಿಲ್ಲ. ಹೂಳು ತುಂಬಿದ ಫುಟ್‌ವಾಲ್ವಿನ ಹಾಗೆ. ಇಂಥಲ್ಲಿ ಡಬ್ಬಿಯನ್ನೇ ಕಳಚಿ ತೊಳೆಯಬೇಕು, ಜಾಲರಿ ಬಿಡದಿದ್ದರೆ ಡಬ್ಬಿ ಬದಲಾಯಿಸಬೇಕು. ನೀರು ಸೇರಿದ, ಲೋಹದ ಚೂರು ಬಂದ ಎಣ್ಣೆಗೂ ಸಿರಿಂಜಿನ ಕ್ರಮ ಸಾಲದು. ಪೂರ್ತಿ ಇಳಿಸಿ ಪೈಪುಗಳನ್ನೂ ತೊಳೆಸಬೇಕು.

ಹೊಸ ಪಂಪ್ ಹಾಕುವ ಪ್ರಸಂಗ ಬಂದರೂ ಇದು ನೆನಪಿರಲಿ. ಡಬ್ಬಿ, ಪೈಪು ತೊಳೆಯದೆ ಪಂಪ್ ಮಾತ್ರ ಬದಲಾಯಿಸಿದರೆ ಹಳೆ ಪಂಪಿನ ಚೂರುಗಳು ಹೊಸ ಪಂಪನ್ನು ತಿನ್ನುತ್ತವೆ. “ತೊಳೆದೇ ಹಾಕಿ” ಎಂದು ಗ್ಯಾರೇಜಿನಲ್ಲಿ ಹೇಳುವುದು ನಮ್ಮ ಕೆಲಸ.

ಗಾಳಿ ಬಿಡಿಸುವುದು

ಪೈಪು ಬಿಚ್ಚಿ ಹಾಕಿದ ಮೇಲೆ ಗಾಳಿ ಬಿಡಿಸಲೇಬೇಕು. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿ ನಂಬಬೇಡಿ. ಡಬ್ಬಿ ತುಂಬಿಸಿ, ಎಂಜಿನ್ ಬಂದ್ ಇರುವಾಗಲೇ ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹತ್ತು ಹದಿನೈದು ಸಲ ತಿರುಗಿಸಿ. ಗುಳ್ಳೆಗಳು ಡಬ್ಬಿಯಲ್ಲಿ ಮೇಲೆ ಬರುತ್ತವೆ. ಇಳಿದಷ್ಟು ಎಣ್ಣೆ ಸೇರಿಸುತ್ತಿರಬೇಕು, ಇದಕ್ಕೆ ಇನ್ನೊಬ್ಬರಿದ್ದರೆ ಅನುಕೂಲ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ, ಎಕ್ಸಿಲೇಟರ್ ಒತ್ತದೆ ಮತ್ತೆ ಕೆಲವು ಸಲ ತಿರುಗಿಸಿ. ಇನ್ನೂ ನೊರೆ ಇದ್ದರೆ ಬಂದ್ ಮಾಡಿ ಕೆಲವು ಗಂಟೆ ಬಿಟ್ಟುಬಿಡಿ. ಪಂಪ್‌ಸೆಟ್ಟಿಗೆ ನೀರು ತುಂಬಿಸಿ ಪ್ರೈಮ್ ಮಾಡುವಷ್ಟೇ ತಾಳ್ಮೆ ಇದಕ್ಕೂ ಬೇಕು.

ನಾವು ಕೈ ಹಾಕಬಾರದ್ದು

ಹೈ ಪ್ರೆಶರ್ ಹೋಸ್ ಸೋರಿದರೆ ಟ್ಯೂಬು ಸುತ್ತಿ, ಕ್ಲಿಪ್ಪು ಬಿಗಿದು ಓಡಿಸಬೇಡಿ. ಅದನ್ನು ಬದಲಾಯಿಸಲೇಬೇಕು. ಎಂಜಿನ್ ಓಡುತ್ತಿರುವಾಗ ಸೋರುವ ತೂತನ್ನು ಬೆರಳಿನಲ್ಲಿ ಹುಡುಕುವುದಂತೂ ಅಪಾಯ. ಆ ಒತ್ತಡದ ಸೂಜಿಯಂಥ ಎಣ್ಣೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಕಾಣುವುದು ಚುಚ್ಚಿದ ಗುರುತು ಮಾತ್ರ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೋರುವ ಜಾಗವನ್ನು ಎಂಜಿನ್ ಬಂದ್ ಮಾಡಿ ಹುಡುಕಿ.

ಪಂಪಿನ ಪುಲ್ಲಿಯ ಹಿಂದೆ ಎಣ್ಣೆ ಒಸರಿದರೆ ಶಾಫ್ಟಿನ ಸೀಲು ಹೋಗಿದೆ. ಅನೇಕ ಪಂಪುಗಳಲ್ಲಿ ಪುಲ್ಲಿಯನ್ನು ಒತ್ತಿ ಕೂರಿಸಿರುತ್ತಾರೆ. ಅದನ್ನು ಪುಲ್ಲರ್‌ನಲ್ಲಿ ಎಳೆಯಬೇಕೇ ಹೊರತು ಸುತ್ತಿಗೆಯಲ್ಲಿ ಬಡಿಯಬಾರದು. ಪಂಪಿನ ಒಳಗಿನ ವಾಲ್ವ್, ಸ್ಟಿಯರಿಂಗ್ ಬಾಕ್ಸ್ ಇವೆಲ್ಲ ತಿಳಿದವರ ಕೆಲಸ.

ಓಡಿಸುವಾಗ

ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಅಲ್ಲೇ ಒತ್ತಿ ಹಿಡಿಯಬೇಡಿ. ಇಕ್ಕಟ್ಟಾದ ಅಂಗಳದಲ್ಲಿ ಗಾಡಿ ತಿರುಗಿಸುವಾಗ ಇದು ಹೆಚ್ಚು. ಆಗ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಒಳಗಿನ ವಾಲ್ವಿನಲ್ಲೇ ಸುತ್ತಿ ಬಿಸಿಯಾಗುತ್ತದೆ. ತುದಿ ಮುಟ್ಟಿದ ಮೇಲೆ ಒಂದು ಚೂರು ಹಿಂದೆ ಬಿಟ್ಟರಾಯಿತು.

ಕೊನೆಯದು ಜೀವದ ಮಾತು. ಡೀಸೆಲ್ ಉಳಿಯುತ್ತದೆಂದು ಚಾರ್ಮಾಡಿ, ಶಿರಾಡಿಯಂಥ ಘಾಟಿಯಲ್ಲಿ ಎಂಜಿನ್ ಬಂದ್ ಮಾಡಿ ಗಾಡಿ ಇಳಿಸುವವರಿದ್ದಾರೆ. ಎಂಜಿನ್ ನಿಂತರೆ ಪಂಪ್ ನಿಂತಿತು. ಸ್ಟಿಯರಿಂಗ್ ಪೂರ್ತಿ ಕೈಬಿಡುವುದಿಲ್ಲ, ಆದರೆ ಹೇರು ಹೊತ್ತ ಗಾಡಿಯನ್ನು ತಿರುವಿನಲ್ಲಿ ತಿರುಗಿಸಲು ಎರಡೂ ಕೈಯ ಬಲ ಸಾಲದೆ ಬರಬಹುದು. ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಕೂಡ ಎಂಜಿನ್ ಓಡಿದರೆ ಮಾತ್ರ ಹುಟ್ಟುವುದು. ಮೂರು ನಾಲ್ಕು ಸಲ ಬ್ರೇಕ್ ಒತ್ತಿದರೆ ಇದ್ದದ್ದು ಖರ್ಚಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಬೆಲ್ಟು ಹರಿದಾಗಲೂ ಸ್ಟಿಯರಿಂಗ್ ಹೀಗೇ ತಟ್ಟನೆ ಭಾರವಾಗುತ್ತದೆ. ಆಗ ಗಾಬರಿಯಾಗದೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಗೇರ್ ಇಳಿಸಿ, ಬದಿಗೆ ನಿಲ್ಲಿಸಬೇಕು.

ನೆನಪಿಗೊಂದು ಪಟ್ಟಿ

ತಿಂಗಳಿಗೊಮ್ಮೆ: ಎಣ್ಣೆಯ ಮಟ್ಟ, ಬಣ್ಣ, ಟಯರಿನ ಗಾಳಿ.
ಮಳೆಗಾಲಕ್ಕೆ ಮೊದಲು ಮತ್ತು ಮುಗಿದ ಮೇಲೆ: ಬೆಲ್ಟು, ಹೋಸ್, ಕ್ಲಿಪ್ಪು, ಡಬ್ಬಿಯ ಮುಚ್ಚಳ.
ಕೈಪಿಡಿ ಹೇಳಿದ ಅವಧಿಗೆ: ಎಣ್ಣೆ ಬದಲಾವಣೆ. ಕೈಪಿಡಿ ಇಲ್ಲದ ಹಳೆ ಗಾಡಿಯವನಾದ ನಾನು ಎರಡು ವರ್ಷಕ್ಕೊಮ್ಮೆ ಮಾಡುತ್ತೇನೆ. ಅದಕ್ಕೆ ಮೊದಲೇ ಕಪ್ಪಾದರೆ ಆಗಲೇ.

ತೆಗೆದ ಹಳೆ ಎಣ್ಣೆಯನ್ನು ತೋಡಿಗೆ, ತೋಟದ ಕಣಿಗೆ ಚೆಲ್ಲಬೇಡಿ. ಅದೇ ನೀರು ಕೆಳಗಿನವರ ಬಾವಿಗೂ ಹೋಗುವುದು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ನಿಮ್ಮ ಗಾಡಿಯಲ್ಲಿ ಎಣ್ಣೆ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ಹುಡುಕಿ. ಐದು ನಿಮಿಷದ ಕೆಲಸ.